ಹೊಗೆಕೊಳವೆಯ ಕಿಟ್ಟ ಮತ್ತು ಅದರ ಖರ್ಚು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲೂಕುಗಳ ಮನೆಮಾತಿನಲ್ಲಿ 'ಚಿಮಣಿ' ಎಂಬ ಪದದೊಳಗೆ ಹಲವು ತಲೆಮಾರುಗಳ ಅರ್ಥಗಳು ಒಂದರ ಮೇಲೊಂದು ಕೂತಿವೆ. ವಿದ್ಯುತ್ತು ಬರುವುದಕ್ಕೆ ಮುಂಚಿನವರಿಗೆ ಅದು ಸೀಮೆಎಣ್ಣೆಯ ಬುಡ್ಡಿದೀಪ. ಸೀಮೆಎಣ್ಣೆಯನ್ನು 'ಚಿಮಣಿ ಎಣ್ಣೆ' ಎನ್ನುವ ವಾಡಿಕೆ ಹಿರಿಯರಲ್ಲಿ ಇಂದಿಗೂ ಉಳಿದಿದೆ. ಅನಂತರದವರಿಗೆ ಅದು ಅಡುಗೆ ಒಲೆ, ಬಚ್ಚಲ ಹಂಡೆಒಲೆ ಅಥವಾ ಅಡಿಕೆ ಬೇಯಿಸುವ ಒಲೆಯ ಹೊಗೆಯನ್ನು ಮಾಡಿನಿಂದಾಚೆಗೆ ಒಯ್ಯುವ ಕೊಳವೆ. ಹೊಸ ಮನೆ ಕಟ್ಟಿಸಿದವರಿಗೆ ಗ್ಯಾಸ್ ಒಲೆಯ ಮೇಲೆ ಗೋಡೆಗೆ ಕೂರಿಸಿದ, ಒಳಗೆ ಫ್ಯಾನ್ ತಿರುಗುವ ಉಕ್ಕಿನ ಪೆಟ್ಟಿಗೆ. ಬುಡ್ಡಿಯ ಗಾಜನ್ನು ಪ್ರತಿ ಸಂಜೆ ಬೂದಿ ಹಚ್ಚಿದ ಬಟ್ಟೆಯಿಂದ ಒರೆಸುವ ಕೆಲಸಕ್ಕೆ ಯಾರೂ ಬೆಲೆ ಕಟ್ಟಿರಲಿಲ್ಲ. ಕೊಳವೆ ಮತ್ತು ಪೆಟ್ಟಿಗೆಗಳ ಶುಚಿಗೆ ಮಾತ್ರ ಹಣ ಕೊಡಬೇಕಾಗಿದೆ, ಮತ್ತು ಆ ಹಣ ಒಂದೇ ಊರಿನ ಎರಡು ಮನೆಗಳಲ್ಲಿ ಒಂದೇ ಆಗಿರುವುದಿಲ್ಲ. ಕೆಲಸದವನು ಹೇಳುವ ದರದ ಬಹುಪಾಲು ಅವನು ಬರುವ ಎಷ್ಟೋ ತಿಂಗಳ ಮೊದಲೇ, ಸೌದೆ ಒಟ್ಟಿದ ದಿನ, ಕೊಳವೆಗೆ ಬಾಗು ಕೊಟ್ಟ ದಿನ, ಬಾಣಲೆಗೆ ಯಾವ ಎಣ್ಣೆ ಹಾಕಬೇಕೆಂದು ತೀರ್ಮಾನವಾದ ದಿನ ನಿರ್ಧಾರವಾಗಿಬಿಟ್ಟಿರುತ್ತದೆ ಎಂಬುದನ್ನು ಈ ಅಧ್ಯಾಯ ಪರಿಶೀಲಿಸುತ್ತದೆ.

ಮಲೆನಾಡಿನ ಹಳೆಯ ಮನೆಗಳಿಗೆ ಹೊಗೆಕೊಳವೆ ಇರಲಿಲ್ಲ. ಒಲೆಯ ಹೊಗೆ ಅಟ್ಟಕ್ಕೆ ಏರಿ, ಅಲ್ಲಿ ಕಟ್ಟಿದ್ದ ಬಿತ್ತನೆಯ ಬೀಜಕ್ಕೂ ತೊಲೆ, ಪಕಾಸಿಗಳಿಗೂ ತಾಗಿ, ಹೆಂಚಿನ ಸಂದುಗಳಿಂದ ನಿಧಾನವಾಗಿ ಹೊರಗೆ ಸೋರುತ್ತಿತ್ತು. ಹೊಗೆಯಲ್ಲಿರುವ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕಗಳು ಹುಳು ಮತ್ತು ಬೂಷ್ಟನ್ನು ತಡೆಯುವ ಗುಣದವಾದ್ದರಿಂದ ಮರಮುಟ್ಟುಗಳಿಗೆ ಅದರಿಂದ ರಕ್ಷಣೆಯೂ ಸಿಗುತ್ತಿತ್ತು. ಮಸಿ ಮತ್ತು ಜೇಡರಬಲೆ ಸೇರಿ ಜೋಲಾಡುವ ಇಲ್ಲಣವನ್ನು ಹಬ್ಬಕ್ಕೆ ಮುಂಚೆ ಉದ್ದ ಗಳುವಿಗೆ ಕಟ್ಟಿದ ಪೊರಕೆಯಿಂದ ಮನೆಯವರೇ ಹೊಡೆದು ಕೆಡವುತ್ತಿದ್ದರು. ಇದರ ನಿಜವಾದ ಬೆಲೆಯನ್ನು ತೆತ್ತವರು ಒಲೆಯ ಮುಂದೆ ಕೂತ ಹೆಂಗಸರು: ಅವರ ಕಣ್ಣು ಮತ್ತು ಶ್ವಾಸಕೋಶಗಳಿಗೆ ಆದ ಹಾನಿ ಯಾವ ಮನೆಯ ಜಮಾಖರ್ಚಿನಲ್ಲೂ ಬರೆದಿಲ್ಲ, ಆದ್ದರಿಂದ ಹಳೆಯ ವ್ಯವಸ್ಥೆ ಖರ್ಚಿಲ್ಲದ್ದೆಂದು ಹೇಳುವುದು ಸರಿಯಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ ಮಂಗಳೂರು ಹೆಂಚು ಕೂಡ ಹೊಗೆಗೆ ಅಷ್ಟಿಷ್ಟು ದಾರಿ ಬಿಟ್ಟಿತ್ತು. ಕಾಂಕ್ರೀಟಿನ ತಾರಸಿ ಮತ್ತು ಒಳಮಾಡಿನ ಮುಚ್ಚಿಗೆ ಬಂದ ಮೇಲೆ ಆ ದಾರಿ ಮುಚ್ಚಿತು. ಹಿಂದೆ ಇಡೀ ಮಾಡಿನ ಮೇಲೆ ತೆಳುವಾಗಿ ಹರಡುತ್ತಿದ್ದ ಮಸಿ ಈಗ ಒಂದು ಗೇಣೂ ಅಗಲವಿಲ್ಲದ ಕೊಳವೆಯೊಳಗೆ ಕೂಡಿಬೀಳುತ್ತಿದೆ.

ಕೊಳವೆಯನ್ನು ಹಳ್ಳಿಯ ಅಡುಗೆಮನೆಗಳಿಗೆ ವ್ಯಾಪಕವಾಗಿ ತಂದದ್ದರಲ್ಲಿ ಕರ್ನಾಟಕದ ವಿಜ್ಞಾನಿಗಳ ಪಾತ್ರ ದೊಡ್ಡದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರ ಮುಂದಾಳ್ತನದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ', ಗ್ರಾಮೀಣ ಬದುಕಿಗೆ ತಂತ್ರಜ್ಞಾನವನ್ನು ಅಳವಡಿಸುವ ಕೇಂದ್ರವಾಗಿ, ಮುಂದೆ 'ಅಸ್ತ್ರ ಒಲೆ' ಎಂದೇ ಹೆಸರಾದ ಒಲೆಯನ್ನು ರೂಪಿಸಿತು. ಮುಚ್ಚಿದ ಬೆಂಕಿಗೂಡು, ಸಾಲಾಗಿ ಪಾತ್ರೆಗಳು, ಕೊನೆಯಲ್ಲಿ ಹೊಗೆಕೊಳವೆ ಎಂಬುದು ಅದರ ವಿನ್ಯಾಸ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ 1980ರ ದಶಕದಲ್ಲಿ ಇಂಥ ಒಲೆಗಳಿಗೆ ನೆರವಾಗಿ, 2002ರಲ್ಲಿ ನಿಂತಿತು. ಈ ಒಲೆಗಳ ಜೊತೆ ಸಮಸ್ಯೆಯೊಂದೂ ಮನೆಯೊಳಗೆ ಬಂತು: ಒಲೆ ಬೆಂಕಿಯ ಶಾಖವನ್ನು ಪಾತ್ರೆಗಳಿಗೆ ಹೆಚ್ಚು ಉಣಿಸಿದಷ್ಟೂ ಕೊಳವೆ ಸೇರುವ ಹೊಗೆ ತಣ್ಣಗಾಗುತ್ತದೆ, ತಣ್ಣಗಿನ ಹೊಗೆ ಕೊಳವೆಯ ಗೋಡೆಗೆ ಹೆಚ್ಚು ಅಂಟುತ್ತದೆ. ಸೌದೆ ಉಳಿಸುವ ಒಲೆಯ ಕೊಳವೆಗೆ ಪೊರಕೆ ಹೆಚ್ಚು ಬೇಕು ಎಂಬುದನ್ನು ಒಲೆ ಹಾಕಿಕೊಟ್ಟವರು ಮನೆಮನೆಗೂ ತಿಳಿಹೇಳಿದ್ದರೆ, ಕೊಳವೆ ಕಟ್ಟಿಕೊಂಡಿತೆಂಬ ಕಾರಣಕ್ಕೆ ಒಡೆದುಹಾಕಿದ ಎಷ್ಟೋ ಒಲೆಗಳು ಉಳಿಯುತ್ತಿದ್ದವು.

ಹೊಗೆಯನ್ನು ಮೇಲೆಳೆಯುವ ಬಲಕ್ಕೆ 'ಸೆಳೆತ' ಎನ್ನಬಹುದು. ಕಾದ ಗಾಳಿ ಹಗುರ, ಹೊರಗಿನ ತಂಪು ಗಾಳಿ ಭಾರ. ಈ ಎರಡರ ತೂಕದ ವ್ಯತ್ಯಾಸವೇ ಸೆಳೆತದ ಮೂಲ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 1.18 ಕಿಲೋಗ್ರಾಂ ತೂಗಿದರೆ 150 ಡಿಗ್ರಿಯಲ್ಲಿ ಸುಮಾರು 0.83 ಕಿಲೋಗ್ರಾಂ ಮಾತ್ರ ತೂಗುತ್ತದೆ. ಆದ್ದರಿಂದ 3 ಮೀಟರ್ ಎತ್ತರದ ಕೊಳವೆಯಲ್ಲಿ ಹುಟ್ಟುವ ಸೆಳೆತ ಸುಮಾರು 10 ಪಾಸ್ಕಲ್, ಅಂದರೆ ಬಟ್ಟಲಿನಲ್ಲಿ ಒಂದು ಮಿಲಿಮೀಟರ್ ಎತ್ತರಕ್ಕೆ ನಿಂತ ನೀರು ತಳಕ್ಕೆ ಕೊಡುವಷ್ಟು ಒತ್ತಡ. ಹೊಗೆ 80 ಡಿಗ್ರಿಗೆ ಇಳಿದರೆ ಅದೂ ಸುಮಾರು ಅರ್ಧವಾಗುತ್ತದೆ. ಇಷ್ಟು ಸಣ್ಣ ಬಲ ಸಣ್ಣ ಅಡ್ಡಿಗೂ ಸೋಲುತ್ತದೆ: 10 ಸೆಂಟಿಮೀಟರ್ ಒಳವ್ಯಾಸದ ಕೊಳವೆಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಹಿಡಿದರೆ ಹೊಗೆಯ ದಾರಿ ನೂರಕ್ಕೆ 64ಕ್ಕೆ ಕುಗ್ಗುತ್ತದೆ, ಮೊದಲಿನಷ್ಟೇ ಹೊಗೆಯನ್ನು ಅದರಲ್ಲಿ ಸಾಗಿಸಲು ಸರಿಸುಮಾರು ಮೂರು ಪಟ್ಟು ಒತ್ತಡ ಬೇಕಾಗುತ್ತದೆ. ಆ ಒತ್ತಡ ಎಲ್ಲಿಂದಲೂ ಬರುವುದಿಲ್ಲವಾದ್ದರಿಂದ ಹೊಗೆ ಒಲೆಯ ಬಾಯಿಂದಲೇ ಮನೆಯೊಳಕ್ಕೆ ಮರಳುತ್ತದೆ.

ಕೊಳವೆಯ ಒಳಗೆ ಹಿಡಿಯುವುದೆಲ್ಲ ಒಂದೇ ಬಗೆಯದಲ್ಲ, ಖರ್ಚಿನ ವ್ಯತ್ಯಾಸ ಮುಖ್ಯವಾಗಿ ಹುಟ್ಟುವುದು ಇಲ್ಲಿಯೇ. ಸೌದೆ 200 ಡಿಗ್ರಿ ದಾಟುತ್ತಿದ್ದಂತೆ ಉರಿಯುವ ಮೊದಲೇ ಒಡೆದು ಹಲವು ಆವಿಗಳನ್ನು ಬಿಡುತ್ತದೆ. ಅವುಗಳಲ್ಲಿ ಡಾಂಬರಿನ ಗುಣದ ಟಾರು ಆವಿ ಪೂರ್ತಿ ಉರಿಯಬೇಕಾದರೆ ಸುಮಾರು 600 ಡಿಗ್ರಿ ಶಾಖವೂ ಸಾಕಷ್ಟು ಗಾಳಿಯೂ ಬೇಕು. ಉರಿಯದೆ ತಪ್ಪಿಸಿಕೊಂಡ ಆವಿ ಕೊಳವೆಯಲ್ಲಿ ಏರುತ್ತಾ, ಗೋಡೆ ಸುಮಾರು 120 ಡಿಗ್ರಿಗಿಂತ ತಣ್ಣಗಿರುವ ಕಡೆ ಹನಿಗಟ್ಟುತ್ತದೆ. ಹೀಗೆ ಕೂಡಿದ ಪದಾರ್ಥಕ್ಕೆ ಕ್ರಿಯೋಸೋಟ್ ಎಂದು ಹೆಸರು. ಮಲೆನಾಡಿನ ಮಾತಿನಲ್ಲಿ ಅದು ಕಿಟ್ಟ. ಮೊದಲ ಹಂತದಲ್ಲಿ ಅದು ಉದುರುವ ಮಸಿ, ತೆಂಗಿನ ಗರಿಯ ಪೊರಕೆಗೂ ಬೀಳುತ್ತದೆ. ಎರಡನೆಯ ಹಂತದಲ್ಲಿ ಹೊಳೆಯುವ ಗಟ್ಟಿ ಚಕ್ಕೆ, ಅದಕ್ಕೆ ಗಡಸು ಬ್ರಷ್ಷೂ ಹೆಚ್ಚು ಹೊತ್ತೂ ಬೇಕು. ಮೂರನೆಯ ಹಂತದಲ್ಲಿ, ಪದರದ ಮೇಲೆ ಪದರ ಕಾದು ಕರಗಿ, ಗಾಜಿನಂತೆ ನುಣುಪಾಗಿ ಗೋಡೆಗೆ ಬೆಸೆದುಕೊಂಡಾಗ, ಸಾಮಾನ್ಯ ಬ್ರಷ್ಷು ಅದರ ಮೇಲೆ ಜಾರುತ್ತದೆ, ಕೊಳವೆಯನ್ನೇ ಬದಲಿಸುವುದು ಎಷ್ಟೋ ಸಲ ಅಗ್ಗವೆನಿಸುತ್ತದೆ. ಅದೇ ಕಿಟ್ಟಕ್ಕೆ ಬೆಂಕಿ ಹಿಡಿದರೆ ಕೊಳವೆಯ ಒಳಗೆ 1000 ಡಿಗ್ರಿ ಮೀರಿದ ಶಾಖ ಹುಟ್ಟಬಲ್ಲುದು. ಮರದ ಪಕಾಸಿ, ರೀಪುಗಳ ನಡುವೆ ಹಾದುಹೋಗುವ ಕೊಳವೆಯ ವಿಷಯದಲ್ಲಿ ಇದು ಮನೆಯ ಅಳಿವು ಉಳಿವಿನ ಪ್ರಶ್ನೆ. ಮಸಿ ಸುಮಾರು 3 ಮಿಲಿಮೀಟರ್ ದಪ್ಪವಾಗುತ್ತಿದ್ದಂತೆ ಕೊಳವೆ ಉಜ್ಜಿಸಬೇಕು ಎಂಬ ಅಮೆರಿಕದ ವೃತ್ತಿನಿಯಮ ಇಂಥ ಬೆಂಕಿಯ ಅನುಭವದಿಂದಲೇ ಬಂದದ್ದು.

ಕಿಟ್ಟ ಯಾವ ಹಂತಕ್ಕೆ ಹೋಗುತ್ತದೆ ಎಂಬುದನ್ನು ತೀರ್ಮಾನಿಸುವ ಮುಖ್ಯ ಸಂಗತಿ ಸೌದೆಯ ತೇವ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರಿರಬಹುದು, ನೆರಳಲ್ಲಿ ಗಾಳಿಯಾಡಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ಅದು ನೂರಕ್ಕೆ 20ಕ್ಕೆ ಇಳಿಯುತ್ತದೆ. ಒಂದು ಕಿಲೋಗ್ರಾಂ ಹಸಿ ಸೌದೆಯೊಳಗಿನ ಅರ್ಧ ಕಿಲೋ ನೀರನ್ನು ಕಾಯಿಸಿ ಆವಿ ಮಾಡುವುದಕ್ಕೆ, ಉಳಿದ ಅರ್ಧ ಕಿಲೋ ಮರ ಕೊಡುವ ಶಾಖದ ಸುಮಾರು ಏಳನೇ ಒಂದು ಪಾಲು ವ್ಯಯವಾಗುತ್ತದೆ. ಒಣ ಸೌದೆಯಲ್ಲಿ ಈ ನಷ್ಟ ಮೂವತ್ತನೇ ಒಂದು ಪಾಲಿನ ಆಸುಪಾಸು. ಶಾಖದ ನಷ್ಟಕ್ಕಿಂತ ದೊಡ್ಡ ಕೇಡೆಂದರೆ ನೀರಾವಿ ಬೆಂಕಿಯನ್ನು ತಂಪಾಗಿಸಿ ಟಾರು ಆವಿ ಉರಿಯದಂತೆ ಮಾಡುವುದು. ಆಗುಂಬೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ. ಅಲ್ಲಿನ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರಿಗೂ ಮೇಲೆ. ಹೊಸನಗರ ತಾಲೂಕಿನ ಹುಲಿಕಲ್ ಮತ್ತು ಮಾಸ್ತಿಕಟ್ಟೆಯ ಕಡೆಯೂ ಮಳೆಯ ಅಬ್ಬರ ಕಡಿಮೆಯದಲ್ಲ. ಇಂಥಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಸೌದೆಯೂ ಗಾಳಿಯ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಸುತ್ತ ಗೋಡೆ ಎಬ್ಬಿಸಿದ ಸೌದೆ ಕೊಟ್ಟಿಗೆಗಿಂತ, ಮಾಡು ಇಳಿಜಾರಾಗಿ ಕೆಳಗಿಳಿದು ಪಕ್ಕಗಳು ತೆರೆದಿರುವ ಕೊಟ್ಟಿಗೆ ಈ ಸೀಮೆಗೆ ಹೆಚ್ಚು ಹೊಂದುತ್ತದೆ. ಕುಂಟೆಯನ್ನು ಒಡೆದು ಒಟ್ಟುವುದು ಇನ್ನೂ ಮುಖ್ಯ. ಮರದೊಳಗಿನ ನೀರು ಹೊರಗೆ ಬರಲು ಹಿಡಿಯುವ ಕಾಲ ದಪ್ಪದ ವರ್ಗಕ್ಕೆ ಅನುಗುಣವಾದ್ದರಿಂದ, ಎರಡು ಪಟ್ಟು ದಪ್ಪದ ತುಂಡು ಒಣಗಲು ನಾಲ್ಕು ಪಟ್ಟಿನ ಸಮೀಪದ ಕಾಲ ಬೇಕು. ಜನವರಿಯಲ್ಲಿ ಒಡೆದು ಒಟ್ಟಿದ ಅಕೇಶಿಯಾ ಸೌದೆಗೂ ಮೇ ಕೊನೆಯಲ್ಲಿ ಅವಸರದಿಂದ ತಂದು ಒಳಗೆ ಹಾಕಿದ ಕುಂಟೆಗೂ ಇರುವ ಅಂತರ ಮುಂದಿನ ವರ್ಷದ ಕೊಳವೆಯಲ್ಲಿ ಕಣ್ಣಿಗೆ ಕಾಣುತ್ತದೆ.

ಮನೆಯ ಎಲ್ಲ ಕೊಳವೆಗಳಲ್ಲಿ ಬೇಗ ಕೆಡುವುದು ಬಚ್ಚಲ ಒಲೆಯದು, ಅದಕ್ಕೆ ಕಾರಣ ಹಂಡೆಯಲ್ಲಿದೆ. ನೀರು ತುಂಬಿದ ತಾಮ್ರದ ಹಂಡೆಯ ತಳ, ಕೆಳಗೆ ಎಂಥ ಉರಿಯಿದ್ದರೂ, ನೀರಿನ ಕುದಿಯುವ ಮಟ್ಟವಾದ 100 ಡಿಗ್ರಿಗಿಂತ ಬಹಳ ಮೇಲೇರಲಾರದು. ಆ ತಣ್ಣನೆಯ ಲೋಹಕ್ಕೆ ತಾಗಿದ ಜ್ವಾಲೆ ಅರ್ಧಕ್ಕೇ ನಂದಿ, ಉರಿಯಬೇಕಾದ ಇಂಗಾಲ ಮಸಿಯಾಗಿ ಅಲ್ಲೇ ಕೂರುತ್ತದೆ ಅಥವಾ ಕೊಳವೆಯ ಕಡೆ ತೇಲುತ್ತದೆ. ಮಳೆಗಾಲದಲ್ಲಿ ಈ ಒಲೆ ದಿನವಿಡೀ ಕನಲುತ್ತಿರುತ್ತದೆ: ಸ್ನಾನಕ್ಕೂ ಬಿಸಿನೀರು ಬೇಕು, ಒಲೆಯ ಮೇಲಿನ ಗಳದಲ್ಲಿ ಹರವಿದ ಬಟ್ಟೆಯೂ ಒಣಗಬೇಕು, ಹಾಗಾಗಿ ದಪ್ಪ ಕುಂಟೆಯೊಂದನ್ನು ಒಳಗೆ ನೂಕಿ ಉರಿಯನ್ನು ತಗ್ಗಿಸಿಡುತ್ತಾರೆ. ಅಡಿಕೆ ಸಿಪ್ಪೆ, ಒದ್ದೆ ಹಾಳೆ, ತೆಂಗಿನ ಮೊಟ್ಟು ಎಲ್ಲ ಸೇರುವುದೂ ಇಲ್ಲಿಗೇ. ಗಾಳಿ ಕಡಿಮೆ, ಉರಿ ಕಡಿಮೆ, ತೇವ ಹೆಚ್ಚು. ಕ್ರಿಯೋಸೋಟ್ ತಯಾರಿಸಬೇಕೆಂದೇ ಹೊರಟವರು ಸಹ ಇದಕ್ಕಿಂತ ಉತ್ತಮ ಏರ್ಪಾಡನ್ನು ಯೋಚಿಸಲಾರರು. ಸೌರ ಬಿಸಿನೀರಿನ ಯಂತ್ರ ಹಾಕಿಸಿದ ಮನೆಗಳಲ್ಲೂ ಮೋಡ ಕವಿದ ತಿಂಗಳುಗಳಲ್ಲಿ ಹಂಡೆಯೇ ಗತಿಯಾದ್ದರಿಂದ ಆ ಕೊಳವೆಯನ್ನು ಮರೆಯುವಂತಿಲ್ಲ. ಗೋಬರ್ ಗ್ಯಾಸ್ ಉರಿಯುವ ಅಡುಗೆಮನೆಗೆ ಈ ಚಿಂತೆ ಇಲ್ಲ, ಅದರ ಮುಖ್ಯ ಭಾಗವಾದ ಮೀಥೇನ್ ಬಹುತೇಕ ಮಸಿಯಿಲ್ಲದೆ ಉರಿಯುತ್ತದೆ.

ಅಡಿಕೆ ಬೇಯಿಸುವ ಒಲೆಯ ಸಂಗತಿ ಬೇರೆ. ಕೆಂಪಡಿಕೆಗಾಗಿ ಸುಲಿದ ಹಸಿ ಅಡಿಕೆಯನ್ನು ಚೊಗರಿನಲ್ಲಿ ಬೇಯಿಸುವ ಕೊಯ್ಲಿನ ತಿಂಗಳುಗಳಲ್ಲಿ ಅದು ಜೋರಾಗಿ ಉರಿಯುತ್ತದೆ, ಜೋರು ಉರಿಯ ಕೊಳವೆಯಲ್ಲಿ ಟಾರು ಕಡಿಮೆ. ಆದರೆ ಉಳಿದ ತಿಂಗಳುಗಳೆಲ್ಲ ಖಾಲಿ ನಿಂತ ಆ ಕೊಳವೆಯಲ್ಲಿ ಕಣಜ ಗೂಡು ಕಟ್ಟುತ್ತದೆ, ಹಕ್ಕಿ ಕಸಕಡ್ಡಿ ತುಂಬುತ್ತದೆ. ಇದನ್ನು ಕೊಯ್ಲಿನ ಮೊದಲ ದಿನ, ಹಂಡೆ ತುಂಬಾ ಅಡಿಕೆ ಸುರಿದ ಮೇಲೆ ಕಂಡುಕೊಂಡವರು ಕೆಲಸದವನು ಕೇಳಿದಷ್ಟು ಕೊಡಬೇಕಾಗುತ್ತದೆ, ಆ ವಾರ ಎಲ್ಲರ ಮನೆಯಲ್ಲೂ ಆಳಿಗೆ ಬೇಡಿಕೆ ಇರುತ್ತದೆ.

ಕೊಳವೆಯ ಆಕಾರ ಕೆಲಸದ ಹೊತ್ತನ್ನು ನಿರ್ಧರಿಸುತ್ತದೆ. ನೇರವಾಗಿ ಏರುವ ಕೊಳವೆಗೆ ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಬ್ರಷ್ಷನ್ನು ಇಳಿಬಿಟ್ಟರೆ ಮುಗಿಯಿತು. ಗೋಡೆ ದಾಟಿಸಲು, ಪಕಾಸಿ ತಪ್ಪಿಸಲು ಕೊಟ್ಟ ಪ್ರತಿಯೊಂದು 'ಬೆಂಡ್' ಬೂದಿ ಕೂರುವ ತಾಣವೂ ಬ್ರಷ್ಷು ಸಿಕ್ಕಿಬೀಳುವ ತಾಣವೂ ಆಗುತ್ತದೆ. ತೊಂಬತ್ತು ಡಿಗ್ರಿಯ ಬಾಗಿನ ಬದಲು ನಲವತ್ತೈದು ಡಿಗ್ರಿಯ ಎರಡು ಬಾಗುಗಳನ್ನು ಇಡುವುದು, ಬುಡದಲ್ಲಿ ಕೈ ಹೋಗುವಷ್ಟು ಅಗಲದ ಮುಚ್ಚಳವನ್ನು ಬಿಡುವುದು, ತುದಿಯ ಟೋಪಿಯನ್ನು ಸುತ್ತಿಗೆಯಿಲ್ಲದೆ ಬಿಚ್ಚುವಂತೆ ಕೂರಿಸುವುದು, ಇವು ಗಾರೆ ಕೆಲಸದವರಿಗೆ ಅರ್ಧ ದಿನದ ಹೆಚ್ಚುವರಿ ಕೆಲಸವೂ ಅಲ್ಲ, ಆದರೂ ಬಹಳ ಮನೆಗಳಲ್ಲಿ ಇವು ಇರುವುದಿಲ್ಲ. ಟೋಪಿ ಇಲ್ಲದ ಕೊಳವೆಗೆ ಮಳೆನೀರು ಇಳಿದು, ಹೊಗೆಯಲ್ಲಿನ ಅಸೆಟಿಕ್ ಆಮ್ಲದೊಂದಿಗೆ ಕಲೆತು ತಗಡನ್ನು ತಿನ್ನುತ್ತದೆ, ಗೋಡೆಯ ಮೇಲೆ ಕಪ್ಪು ಧಾರೆಯಾಗಿ ಇಳಿಯುತ್ತದೆ.

ಹಳೆಯ ಒಲೆಗಳ ಕೊಳವೆ ಬಹಳ ಕಡೆ ಕಲ್ನಾರು ಸಿಮೆಂಟಿನದು. ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳಿಂದಾದ ಖನಿಜ; ಆ ಎಳೆಗಳು ಉಸಿರಿನಲ್ಲಿ ಸೇರಿದರೆ ಹಲವು ವರ್ಷಗಳ ಬಳಿಕ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲವು. ಅಂಥ ಕೊಳವೆಯನ್ನು ಒಣಗಿದ್ದಾಗ ತಂತಿಯ ಬ್ರಷ್ಷಿನಿಂದ ಕೆರೆಯಲೇಬಾರದು, ಒಡೆದು ಎಸೆಯಲೂಬಾರದು. ನೀರು ಚಿಮುಕಿಸಿ ಮೆತ್ತನೆಯ ನಾರಿನ ಬ್ರಷ್ಷು ಬಳಸುವ ಕೆಲಸದವನು ಹೆಚ್ಚು ಹೊತ್ತು ತೆಗೆದುಕೊಂಡು ಹೆಚ್ಚು ಹಣ ಕೇಳಿದರೆ ಅದು ನ್ಯಾಯವಾದ ಬೇಡಿಕೆ.

ಚಿಮಣಿ ಶುಚಿ ಮಾಡುವುದು ಈ ಮೂರು ತಾಲೂಕುಗಳಲ್ಲಿ ಪ್ರತ್ಯೇಕ ಕಸುಬಾಗಿ ಬೆಳೆದಿಲ್ಲ. ಸೌದೆ ಒಲೆಯ ಕೊಳವೆಗೆ ಹೆಂಚು ಕೆಲಸದವರೋ ಗಾರೆಯವರೋ ತೋಟದ ಆಳೋ ಬರುತ್ತಾರೆ, ಅವರಿಗೆ ಕೊಡುವುದು ದಿನಗೂಲಿಯ ಲೆಕ್ಕದಲ್ಲಿ. ಜರ್ಮನಿಯಲ್ಲಿ ಈ ಕೆಲಸ ಬಹುಕಾಲ ಒಂದೊಂದು ಪ್ರದೇಶಕ್ಕೆ ಒಬ್ಬನೇ ನೇಮಕಗೊಂಡ ಕುಶಲಕರ್ಮಿಯ ಕೈಯಲ್ಲಿತ್ತು. ಪ್ರತಿ ಕೆಲಸಕ್ಕೂ ಇಷ್ಟು ನಿಮಿಷ ಎಂದು ಗೊತ್ತುಮಾಡಿ, ಆ ನಿಮಿಷಗಳಿಂದ ಶುಲ್ಕವನ್ನು ಲೆಕ್ಕಹಾಕುವ ಪದ್ಧತಿ ಅಲ್ಲಿ ಬೆಳೆಯಿತು, ಸಾಮಾನ್ಯ ಶುಚಿಯ ಕೆಲಸ 2013ರಲ್ಲಿ ಮುಕ್ತ ಸ್ಪರ್ಧೆಗೆ ತೆರೆದುಕೊಂಡಿತು. ನಿಮಿಷಗಳ ಲೆಕ್ಕ ಮಲೆನಾಡಿನ ಮನೆಗೂ ಉಪಯುಕ್ತ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಹೆಂಚು ಕೈಯಾಡಿಸಲು ಬಂದವನು ಹೇಗೂ ಮಾಡಿನ ಮೇಲಿರುತ್ತಾನೆ. ಏಣಿ, ಹಗ್ಗ, ಜಾರದ ಕಾಲು ಎಲ್ಲವೂ ಅಲ್ಲಿವೆ. ಕೊಳವೆಗಾಗಿಯೇ ಅವನನ್ನು ಆಗಸ್ಟ್‌ನಲ್ಲಿ ಕರೆಸಿದರೆ ಪಾಚಿ ಕಟ್ಟಿದ ಹೆಂಚಿನ ಮೇಲೆ ಹತ್ತುವ ಅಪಾಯಕ್ಕೂ ಸೇರಿಸಿ ಕೂಲಿ ಕೊಡಬೇಕು, ಅಷ್ಟು ಕೊಟ್ಟರೂ ಆ ಕಾಲದಲ್ಲಿ ಅವನನ್ನು ಹತ್ತಿಸದಿರುವುದೇ ಸರಿ.

ಈ ಕೆಲಸದ ಅಪಾಯ ಬೀಳುವುದರಲ್ಲಷ್ಟೇ ಇಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಬಾಲ್ಯದಿಂದ ಹೊಗೆಗೂಡುಗಳೊಳಗೆ ತೂರಿ ಮಸಿ ಕೆರೆಯುತ್ತಿದ್ದವರಲ್ಲಿ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಗುರುತಿಸಿದ. ಒಂದು ಕಸುಬಿಗೂ ಕ್ಯಾನ್ಸರಿಗೂ ಇರುವ ನಂಟನ್ನು ವೈದ್ಯಶಾಸ್ತ್ರ ಸ್ಪಷ್ಟವಾಗಿ ಕಂಡ ಮೊದಲ ಸಂದರ್ಭಗಳಲ್ಲಿ ಅದೊಂದು. ಆ ಮಸಿಯಲ್ಲಿದ್ದ ಬೆಂಜೋಪೈರೀನ್ ಮೊದಲಾದ ಸಂಯುಕ್ತಗಳು ಸೌದೆಯ ಮಸಿಯಲ್ಲೂ ಇವೆ, ಅವು ಚರ್ಮದ ಮೂಲಕವೂ ದೇಹ ಸೇರುತ್ತವೆ. ಹೊಗೆಗೂಡು ಶುಚಿ ಮಾಡುವವರಿಗೆ ತಾಗುವ ಮಸಿಯನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದ ವಸ್ತುಗಳ ಗುಂಪಿನಲ್ಲಿ ಇರಿಸಿದೆ. ಹೀಗಿರುವಾಗ ಒಂದು ಜೊತೆ ಕೈಗವಸು, ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮುಸುಕು, ಕೆಲಸ ಮುಗಿದ ಮೇಲೆ ಸೀಗೆಪುಡಿಯೋ ಸಾಬೂನೋ ಕೊಟ್ಟು ಬಿಸಿನೀರಿನ ಸ್ನಾನ, ಇವುಗಳ ವೆಚ್ಚವನ್ನು ಶುಚಿಯ ಖರ್ಚಿನ ಒಳಗೇ ಎಣಿಸಬೇಕು. ತಲೆಗೆ ಹಳೆ ಟವೆಲ್ಲು ಸುತ್ತಿಕೊಂಡು ಬರಿಗೈಯಲ್ಲಿ ಕೆಲಸ ಮಾಡಿದವನ ಕೂಲಿ ಅಗ್ಗವಾಗಿ ಕಾಣುವುದು ಉಳಿದ ಪಾಲನ್ನು ಅವನ ಮೈ ತೆರುತ್ತಿರುವುದರಿಂದ.

ವಿದ್ಯುತ್ ಚಿಮಣಿಯ ಲೆಕ್ಕದಲ್ಲಿ ದೂರವೂ ಸೇರುತ್ತದೆ. ಕಂಪನಿಯ ಮೆಕ್ಯಾನಿಕ್ ಶಿವಮೊಗ್ಗದಿಂದ ಬರಬೇಕಾದರೆ ತೀರ್ಥಹಳ್ಳಿಗೆ ಸುಮಾರು 60, ಸಾಗರಕ್ಕೆ ಸುಮಾರು 70 ಕಿಲೋಮೀಟರ್. ಗಂಟೆಗೆ 40 ಕಿಲೋಮೀಟರಿನಂತೆ ಸಾಗರಕ್ಕೆ ಹೋಗಿಬರಲು ಮೂರೂವರೆ ಗಂಟೆ, ಪೆಟ್ಟಿಗೆ ಬಿಚ್ಚಿ ತೊಳೆಯಲು ಒಂದು ಗಂಟೆ. ಒಂದೇ ಮನೆಗೆ ಬಂದರೆ ಅವನ ಹೊತ್ತಿನ ಮುಕ್ಕಾಲು ಪಾಲಿಗೂ ಹೆಚ್ಚು ದಾರಿಯಲ್ಲೇ ಕಳೆಯುತ್ತದೆ. ಅದೇ ಬೀದಿಯ ನಾಲ್ಕು ಮನೆಯವರು ಮಾತಾಡಿಕೊಂಡು ಒಂದೇ ದಿನ ಕರೆಸಿದರೆ ದಾರಿಯ ಪಾಲು ಪ್ರತಿ ಮನೆಗೆ ಒಂದು ಗಂಟೆಗಿಂತ ಕಡಿಮೆಗೆ ಇಳಿಯುತ್ತದೆ.

ಈ ಪೆಟ್ಟಿಗೆಯೊಳಗೆ ಹಿಡಿಯುವುದು ಮಸಿಗಿಂತ ಹೆಚ್ಚಾಗಿ ಎಣ್ಣೆಯ ಜಿಡ್ಡು, ಮತ್ತು ಅದರ ಸ್ವಭಾವ ಎಣ್ಣೆಯನ್ನು ಅವಲಂಬಿಸಿದೆ. ಎಣ್ಣೆಯೊಂದು ಗಾಳಿಯ ಆಮ್ಲಜನಕದೊಂದಿಗೆ ಎಷ್ಟು ಬೇಗ ಕೂಡಿ ಗಟ್ಟಿಯಾಗಬಲ್ಲುದು ಎಂಬುದರ ಸೂಚನೆಯನ್ನು ಅದರ ಅಯೋಡಿನ್ ಸಂಖ್ಯೆ ಕೊಡುತ್ತದೆ: ಕೊಬ್ಬರಿ ಎಣ್ಣೆಗೆ ಅದು 10ರ ಆಸುಪಾಸು, ಸೂರ್ಯಕಾಂತಿ ಎಣ್ಣೆಗೆ 120ರಿಂದ 140. ಕೊಬ್ಬರಿ ಎಣ್ಣೆಯ ಜಿಡ್ಡು ಚಳಿಗಾಲದಲ್ಲಿ ಬೆಳ್ಳಗೆ ಹೆಪ್ಪುಗಟ್ಟಿದರೂ ಬಿಸಿನೀರಿಗೆ ಕರಗಿ ಇಳಿಯುತ್ತದೆ. ಸೂರ್ಯಕಾಂತಿ ಎಣ್ಣೆಯದು ತಿಂಗಳುಗಳು ಉರುಳಿದಂತೆ ಮರದ ವಾರ್ನಿಷ್ ತರಹ ಒಣಗಿ, ಯಾವ ಸಾಬೂನಿಗೂ ಜಗ್ಗದ ಹಳದಿ ಪೊರೆಯಾಗುತ್ತದೆ. ಅದನ್ನು ತೆಗೆಯಲು ಬಳಸುವ ಕಾಸ್ಟಿಕ್ ಸೋಡಾ ಉಕ್ಕಿನ ಜಾಲರಿಗೆ ಸರಿ, ಅಲ್ಯೂಮಿನಿಯಂ ಜಾಲರಿಯನ್ನು ಮಾತ್ರ ತಿಂದುಹಾಕುತ್ತದೆ, ಹೊಸ ಜಾಲರಿಯ ಬೆಲೆ ಆಗ ಶುಚಿಯ ಲೆಕ್ಕಕ್ಕೆ ಸೇರುತ್ತದೆ. 'ಆಟೋ ಕ್ಲೀನ್' ಮಾದರಿಗಳಲ್ಲಿ ಒಳಗಿನ ಎಣ್ಣೆಯನ್ನು ಕಾಯಿಸಿ ಬಟ್ಟಲಿಗೆ ಇಳಿಸುವ ಏರ್ಪಾಡಿದ್ದರೂ, ಒಮ್ಮೆ ಗಟ್ಟಿಯಾದ ಪೊರೆ ಆ ಶಾಖಕ್ಕೆ ಇಳಿಯುವುದಿಲ್ಲವಾದ್ದರಿಂದ ಅವನ್ನೂ ಆಗಾಗ ಬಿಚ್ಚಲೇಬೇಕು. ಹದಿನೈದು ದಿನಕ್ಕೊಮ್ಮೆ ಜಾಲರಿಯನ್ನು ಮನೆಯವರೇ ಕುದಿನೀರಿನಲ್ಲಿ ಅದ್ದಿಟ್ಟರೆ ಪೊರೆ ಗಟ್ಟಿಯಾಗುವ ಮೊದಲೇ ಹೋಗುತ್ತದೆ.

ಕೊಳವೆಯಿಂದ ಕೆಡವಿದ ವಸ್ತುವಿಗೂ ಒಂದು ಜಾಗ ಬೇಕು, ಈ ಕೊನೆಯ ಕೆಲಸವನ್ನು ದರದಲ್ಲಿ ಸೇರಿಸಿ ಮಾತಾಡುವವರು ವಿರಳ. ಒಲೆಯ ಬೂದಿಯಲ್ಲಿ ಪೊಟ್ಯಾಸಿಯಂ ಇರುವುದರಿಂದ ಅದು ಅಡಿಕೆ ಮರದ ಬುಡಕ್ಕೆ ಹೋಗುತ್ತದೆ, ಹೋಗಬೇಕು. ಕಿಟ್ಟದ ಚಕ್ಕೆಗಳನ್ನು ಆ ಬೂದಿಯೊಂದಿಗೆ ಬೆರೆಸಬಾರದು: ನೀರು ಚಿಮುಕಿಸಿ ಹಳೆಯ ಗೋಣಿಗೆ ತುಂಬಿ, ಬಾವಿಯಿಂದಲೂ ಹರಿಯುವ ನೀರಿನಿಂದಲೂ ಸೊಪ್ಪಿನ ಹಿತ್ತಲಿನಿಂದಲೂ ದೂರ, ಎತ್ತರದ ಜಾಗದಲ್ಲಿ ತೋಡಿದ ಗುಂಡಿಯಲ್ಲಿ ಮುಚ್ಚಬೇಕು, ಮಳೆ ಹಿಡಿಯುವುದಕ್ಕೆ ಮುಂಚೆ.